ಇಟಲಿಯ ಯಾವ ಕರಾವಳಿ? ಬೇಸಿಗೆಯಲ್ಲಿ ಹೊರಡುವ ದಂಪತಿಗಳಿಗೊಂದು ಹೋಲಿಕೆಯ ಮಾರ್ಗದರ್ಶಿ

ಇಟಲಿಗೆ 7,500 ಕಿಲೋಮೀಟರಿಗೂ ಹೆಚ್ಚು ಉದ್ದದ ಕರಾವಳಿಯಿದೆ. ಆದರೂ ಅಲ್ಲಿಗೆ ಹೋಗಬೇಕೆಂದು ಗಂಡ ಹೆಂಡತಿ ಕುಳಿತು ಮಾತಿಗೆ ತೊಡಗಿದರೆ ಆ ಮಾತು ಸಾಮಾನ್ಯವಾಗಿ ಅಮಾಲ್ಫಿ ಮತ್ತು ಚಿಂಕ್ವೆ ತೆರ್ರೆ ಎಂಬ ಎರಡು ಹೆಸರುಗಳನ್ನು ದಾಟುವುದಿಲ್ಲ. ಇವೆರಡನ್ನೂ ಒಟ್ಟು ಸೇರಿಸಿದರೂ ನೂರು ಕಿಲೋಮೀಟರ್ ತುಂಬುವುದಿಲ್ಲ. ಬೇಸಿಗೆಯ ದಟ್ಟಣೆಯ ಬಹುಪಾಲು ಕಥೆಗಳು ಹುಟ್ಟುವುದು ಇಷ್ಟೇ ಇಷ್ಟು ಅಗಲದ ಈ ಅಂಚುಗಳಲ್ಲಿ. ಅವು ಸುಂದರವಲ್ಲವೆಂದು ಯಾರೂ ಹೇಳಲಾರರು. ಆದರೆ ಚಿತ್ರಗಳನ್ನು ನೋಡಿ ತೀರವನ್ನು ಆರಿಸಿಕೊಳ್ಳುವ ಪದ್ಧತಿಯಲ್ಲಿ ಒಂದು ತೊಡಕಿದೆ: ಕಡಿದಾದ ಬಂಡೆ, ಬಣ್ಣದ ಮನೆಗಳು, ನೀಲಿ ನೀರು ಎಲ್ಲ ಚಿತ್ರಗಳಲ್ಲೂ ಇರುತ್ತವೆ, ಆ ನೀರನ್ನು ತಲುಪಲು ಇಳಿಯಬೇಕಾದ ಮುನ್ನೂರು ಮೆಟ್ಟಿಲು ಯಾವ ಚಿತ್ರದಲ್ಲೂ ಇರುವುದಿಲ್ಲ.

ಆದ್ದರಿಂದ ಈ ಬರಹದಲ್ಲಿ ನಾನು ಬೇರೊಂದು ಅಳತೆಗೋಲನ್ನು ಹಿಡಿದಿದ್ದೇನೆ. ಬೆಳಿಗ್ಗೆ ಕೋಣೆಯಿಂದ ಹೊರಟು ನೀರಿಗಿಳಿಯುವವರೆಗೆ, ರಾತ್ರಿ ಊಟ ಮುಗಿಸಿ ಕೋಣೆಗೆ ಮರಳುವವರೆಗೆ ನೀವಿಬ್ಬರೂ ಹೇಗೆ ಸಾಗುತ್ತೀರಿ ಎಂಬುದೇ ಪ್ರವಾಸದ ಗುಣವನ್ನು ನಿರ್ಧರಿಸುತ್ತದೆ. ಈ ದೃಷ್ಟಿಯಿಂದ ನೋಡಿದರೆ ಇಟಲಿಯ ಕರಾವಳಿ ಮೂರು ಬಗೆಯಾಗಿ ಒಡೆಯುತ್ತದೆ. ಚಿಂಕ್ವೆ ತೆರ್ರೆ ಇರುವ ವಾಯವ್ಯದ ಲಿಗೂರಿಯಾ ರೈಲಿನ ತೀರ, ನೇಪಲ್ಸ್‌ನ ದಕ್ಷಿಣಕ್ಕಿರುವ ಅಮಾಲ್ಫಿ ದೋಣಿಯ ತೀರ, ಆಗ್ನೇಯದ ಪುಲಿಯಾ ಮತ್ತು ಸಾರ್ಡೀನಿಯಾ ದ್ವೀಪ ಕಾರಿನ ತೀರಗಳು. ಸಿಸಿಲಿ ನೀವು ಅದರ ಯಾವ ಮೂಲೆಯನ್ನು ಆರಿಸುತ್ತೀರಿ ಎಂಬುದರ ಮೇಲೆ ಈ ಮೂರರಲ್ಲಿ ಯಾವುದೂ ಆಗಬಲ್ಲದು.

ಮೊದಲು ತಿಂಗಳನ್ನು ನಿರ್ಧರಿಸಿ

ನಮ್ಮ ಬೇಸಿಗೆ ರಜೆ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬರುತ್ತದೆ. ಇಟಲಿಯ ಕಡಲಿಗೆ ಬೇಸಿಗೆ ಬರುವುದು ಜೂನ್‌ನಲ್ಲಿ. ಏಪ್ರಿಲ್‌ನಲ್ಲಿ ನೇಪಲ್ಸ್ ಕೊಲ್ಲಿಯ ನೀರು 16 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಮೇ ಮುಗಿಯುವ ಹೊತ್ತಿಗೆ 20ರ ಹತ್ತಿರ ಬರುತ್ತದೆ. ಕರ್ನಾಟಕದ ಬೆಚ್ಚನೆಯ ಕಡಲಿಗೆ ಒಗ್ಗಿದ ದೇಹಕ್ಕೆ ಆ ನೀರಿನಲ್ಲಿ ಮೊಣಕಾಲಿನವರೆಗೆ ಇಳಿಯುವುದೇ ಸಾಹಸ. ಈಜಬೇಕೆಂಬ ಆಸೆ ಇದ್ದರೆ ಜೂನ್ ಎರಡನೆಯ ವಾರದ ನಂತರ ಹೊರಡಿ. ಈಜು ಮುಖ್ಯವಲ್ಲ, ನಡಿಗೆ ಮತ್ತು ಊರುಗಳು ಸಾಕು ಎನ್ನುವವರಿಗೆ ಮೇ ತಿಂಗಳು ಬಹಳ ಒಳ್ಳೆಯದು.

ಆಗಸ್ಟ್ ತಿಂಗಳನ್ನು, ಬಿಡಬಹುದಾದರೆ, ಬಿಡಿ. ಆಗಸ್ಟ್ 15 ಇಟಲಿಯಲ್ಲಿ ಫೆರ್ರಾಗೊಸ್ತೋ ಎಂಬ ರಾಷ್ಟ್ರೀಯ ರಜಾದಿನ. ಅದರ ಹಿಂದಿನ ಮತ್ತು ಮುಂದಿನ ವಾರಗಳಲ್ಲಿ ಇಟಲಿಯವರೇ ತಮ್ಮ ನಗರಗಳನ್ನು ಬಿಟ್ಟು ಕಡಲಿಗೆ ಬರುತ್ತಾರೆ. ಆಗ ಕೋಣೆಯ ದರ ವರ್ಷದಲ್ಲೇ ಅತಿ ಹೆಚ್ಚಿರುತ್ತದೆ, ಅನೇಕ ವಸತಿಗಳು ಒಂದು ವಾರಕ್ಕಿಂತ ಕಡಿಮೆ ಅವಧಿಗೆ ಕೋಣೆಯನ್ನೇ ಕೊಡುವುದಿಲ್ಲ. ನನ್ನ ಆಯ್ಕೆ ಸೆಪ್ಟೆಂಬರ್‌ನ ಮೊದಲ ಮೂರು ವಾರಗಳು. ಬೇಸಿಗೆಯಿಡೀ ಕಾದ ನೀರು ಆಗಲೂ 24 ಡಿಗ್ರಿಯಷ್ಟು ಬೆಚ್ಚಗಿರುತ್ತದೆ, ಯುರೋಪಿನ ಶಾಲೆಗಳು ಒಂದೊಂದಾಗಿ ತೆರೆಯುತ್ತವೆ, ಬಿಸಿಲಿನ ಕಾವು ಇಳಿದಿರುತ್ತದೆ. ಜೂನ್‌ಗೆ ಒಂದು ಹೆಚ್ಚುಗಾರಿಕೆ ಇದೆ: ಹಗಲು ಬಹಳ ಉದ್ದ. ಸೂರ್ಯ ಮುಳುಗುವುದು ರಾತ್ರಿ ಎಂಟೂವರೆ, ಕೆಲವೆಡೆ ಒಂಬತ್ತರ ಹೊತ್ತಿಗೆ. ದಿನವಿಡೀ ಸುತ್ತಿ ಬಂದ ಮೇಲೂ ದಡದಲ್ಲಿ ಇಬ್ಬರೇ ಕೂರಲು ಬೆಳಕು ಉಳಿದಿರುತ್ತದೆ.

ಅಮಾಲ್ಫಿ: ರಸ್ತೆಯನ್ನು ಬಿಟ್ಟು ನೀರಿನ ಮೇಲೆ

ವಿಯೆತ್ರಿಯಿಂದ ಪೊಸಿತಾನೋವರೆಗೆ ಸುಮಾರು 50 ಕಿಲೋಮೀಟರ್ ಉದ್ದದ ಅಮಾಲ್ಫಿ ತೀರವನ್ನು 1997ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಲಾಯಿತು. ಈ ತೀರಕ್ಕೆ ಇರುವುದು ಒಂದೇ ಮುಖ್ಯ ರಸ್ತೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬೂರ್ಬೋನ್ ಅರಸರ ಕಾಲದಲ್ಲಿ ಬಂಡೆಯನ್ನು ಕಡಿದು ಮಾಡಿದ ಆ ದಾರಿಯಲ್ಲಿ ಕುದುರೆಗಾಡಿಗಳಿಗೆ ಬೇಕಾದಷ್ಟು ಅಗಲವಿದ್ದಿರಬಹುದು. ಎದುರುಬದಿರಾದ ಎರಡು ಬಸ್ಸುಗಳಿಗೆ ಹಲವು ತಿರುವುಗಳಲ್ಲಿ ಜಾಗವಿಲ್ಲ. ಈಚಿನ ವರ್ಷಗಳಲ್ಲಿ ಬೇಸಿಗೆಯ ವಾರಾಂತ್ಯಗಳಲ್ಲಿ, ಆಗಸ್ಟ್‌ನಲ್ಲಿ ಪ್ರತಿದಿನವೂ, ಹಗಲಿನ ವೇಳೆ ಸಮ ಮತ್ತು ಬೆಸ ಸಂಖ್ಯೆಯ ವಾಹನಗಳನ್ನು ಸರದಿಯಂತೆ ಬಿಡುವ ನಿಯಮವನ್ನು ಜಾರಿಗೆ ತಂದಿದ್ದಾರೆ. ಸ್ಥಳೀಯರಿಗೆ ವಿನಾಯಿತಿ ಇದೆ, ಬಾಡಿಗೆ ಕಾರಿನ ಪ್ರವಾಸಿಗೆ ಇಲ್ಲ. ಹಾಗಾಗಿ ಇಲ್ಲಿ ಕಾರು ತೆಗೆದುಕೊಳ್ಳುವುದೆಂದರೆ ಹಣ ಕೊಟ್ಟು ಚಿಂತೆ ಕೊಂಡಂತೆ. ಬಸ್ಸಿನ ದರ ಕಡಿಮೆ, ಆದರೆ ಜುಲೈ ತಿಂಗಳ ಮಧ್ಯಾಹ್ನ ಪೊಸಿತಾನೋದ ನಿಲ್ದಾಣದಲ್ಲಿ ತುಂಬಿದ ಬಸ್ಸು ನಿಲ್ಲದೆ ಹೋಗುವುದು ಅಪರೂಪವೇನಲ್ಲ.

ಉಳಿದದ್ದು ದೋಣಿ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಸಲೆರ್ನೋ, ಅಮಾಲ್ಫಿ, ಪೊಸಿತಾನೋ, ಕಾಪ್ರಿ ದ್ವೀಪ, ಸೊರೆಂತೋಗಳ ನಡುವೆ ಫೆರಿಗಳು ಓಡಾಡುತ್ತವೆ. ಸಲೆರ್ನೋದಿಂದ ಅಮಾಲ್ಫಿಗೆ ಸುಮಾರು 35 ನಿಮಿಷ, ಪೊಸಿತಾನೋಗೆ ಸುಮಾರು 70 ನಿಮಿಷ ಹಿಡಿಯುತ್ತದೆ. ಈ ತೀರವನ್ನು ನೋಡಬೇಕಾದದ್ದೂ ನೀರಿನ ಮೇಲಿನಿಂದಲೇ. ಕಡಲು ಒರಟಾದ ದಿನ ದೋಣಿಗಳು ನಿಲ್ಲುತ್ತವೆ, ಕಾಪ್ರಿಯ ನೀಲಿ ಗುಹೆಗೂ ಅಂದು ಪ್ರವೇಶವಿರುವುದಿಲ್ಲ ಎಂಬುದನ್ನು ನೆನಪಿನಲ್ಲಿಟ್ಟು ಒಂದು ದಿನವನ್ನು ಯಾವ ಯೋಜನೆಯೂ ಇಲ್ಲದೆ ಖಾಲಿ ಬಿಟ್ಟಿರಬೇಕು.

ಎಲ್ಲಿ ಉಳಿಯಬೇಕು ಎಂಬ ಪ್ರಶ್ನೆ ಇಲ್ಲಿ ಬೇರೆಲ್ಲ ತೀರಗಳಿಗಿಂತ ಮುಖ್ಯವಾದದ್ದು. ಪೊಸಿತಾನೋದಲ್ಲಿ ಉಳಿದರೆ ಹಗಲಿನ ಪ್ರವಾಸಿಗರೆಲ್ಲ ಕೊನೆಯ ಫೆರಿ ಹತ್ತಿ ಹೋದ ಮೇಲೆ ಊರು ನಿಮ್ಮದಾಗುತ್ತದೆ, ನಿಜ; ಆ ಸಂಜೆಗಳಿಗೆ ತೆರಬೇಕಾದ ಬೆಲೆ ಮಾತ್ರ ಇಟಲಿಯ ಕರಾವಳಿಯಲ್ಲಿಯೇ ಅತಿ ಹೆಚ್ಚಿನವುಗಳಲ್ಲಿ ಒಂದು, ಮತ್ತು ಸೂಟ್‌ಕೇಸ್ ಹೊತ್ತು ಮೆಟ್ಟಿಲು ಹತ್ತದೆ ತಲುಪಬಹುದಾದ ಕೋಣೆಗಳು ಬೆರಳೆಣಿಕೆಯಷ್ಟು. ಅಮಾಲ್ಫಿಯ ಪಕ್ಕದ ಅತ್ರಾನಿ, ವಿಸ್ತೀರ್ಣದಲ್ಲಿ ಇಡೀ ಇಟಲಿಯ ಅತಿ ಚಿಕ್ಕ ಪುರಸಭೆ, ಕಡಲಿಗೆ ತೆರೆದುಕೊಂಡ ಒಂದು ಚೌಕ ಮತ್ತು ಅದರ ಸುತ್ತ ಏರುವ ಮನೆಗಳು; ಅಮಾಲ್ಫಿಗೆ ನಡೆದೇ ಹೋಗಬಹುದು, ಗದ್ದಲ ಅಷ್ಟಿಲ್ಲ. ಮಿನೋರಿ ಮತ್ತು ಮಾಯೋರಿ ತುಸು ಸಮತಟ್ಟಾದ ಊರುಗಳಾದ್ದರಿಂದ ಮಂಡಿನೋವಿರುವವರಿಗೆ ಅನುಕೂಲ. ಖರ್ಚು ಹಿಡಿತದಲ್ಲಿರಬೇಕೆನ್ನುವವರಿಗೆ ನಾನು ಹೇಳುವುದು ಸಲೆರ್ನೋ: ರೋಮ್ ಮತ್ತು ನೇಪಲ್ಸ್‌ನಿಂದ ವೇಗದ ರೈಲು ನೇರವಾಗಿ ಅಲ್ಲಿಗೇ ಬರುತ್ತದೆ, ಬಂದರು ನಿಲ್ದಾಣದಿಂದ ನಡಿಗೆಯ ದೂರದಲ್ಲಿದೆ, ಊಟದ ಬೆಲೆ ಊರಿನವರು ಕೊಡುವ ಬೆಲೆ. ಸೊರೆಂತೋ ಈ ತೀರದ್ದೆಂದು ಹಲವರು ತಿಳಿಯುತ್ತಾರೆ. ಅದು ಪರ್ಯಾಯ ದ್ವೀಪದ ಇನ್ನೊಂದು ಮಗ್ಗುಲಲ್ಲಿ, ನೇಪಲ್ಸ್ ಕೊಲ್ಲಿಯ ಕಡೆಗಿದೆ. ಪೊಂಪೇಯಿ ಮತ್ತು ಕಾಪ್ರಿ ನಿಮ್ಮ ಪಟ್ಟಿಯ ಮೇಲ್ತುದಿಯಲ್ಲಿದ್ದರೆ ಮಾತ್ರ ಅಲ್ಲಿ ಉಳಿಯುವುದು ಸರಿ.

ಈಜುವವರು ಒಂದು ವಿಷಯ ತಿಳಿದಿರಲಿ. ಇಲ್ಲಿನ ದಡಗಳು ಚಿಕ್ಕವು, ಬಹುತೇಕ ಉರುಟು ಕಲ್ಲಿನವು. ಮರಳಿನ ಮೇಲೆ ಕೈಹಿಡಿದು ದೂರದವರೆಗೆ ನಡೆಯುವ ಚಿತ್ರ ಮನಸ್ಸಿನಲ್ಲಿದ್ದರೆ ಈ ತೀರ ಅದಕ್ಕೆ ತಕ್ಕುದಲ್ಲ. ಅಮಾಲ್ಫಿಯ ನಿಜವಾದ ಸಂಪತ್ತು ಎತ್ತರದಲ್ಲಿದೆ. ಅಜೆರೋಲಾದ ಬೊಮೆರಾನೋದಿಂದ ಪೊಸಿತಾನೋ ಮೇಲಿನ ನೊಚೆಲ್ಲೆಯವರೆಗೆ ಹೋಗುವ ‘ದೇವತೆಗಳ ಹಾದಿ’ಯನ್ನು ಬೆಳಿಗ್ಗೆ ಬೇಗ ಹಿಡಿದರೆ ಮೂರು ಗಂಟೆಯಲ್ಲಿ ನಿಧಾನವಾಗಿ ಮುಗಿಸಬಹುದು, ಬಲಬದಿಗೆ ಬೆಟ್ಟ, ಎಡಬದಿಗೆ ಕಡಲು, ಕೊನೆಯಲ್ಲಿ ಸಾವಿರಕ್ಕೂ ಹೆಚ್ಚು ಮೆಟ್ಟಿಲಿನ ಇಳಿತ. ರಾವೆಲ್ಲೋದಲ್ಲಿ ಕಡಲಿಗಿಂತ ಮುನ್ನೂರು ಮೀಟರಿಗೂ ಎತ್ತರದಲ್ಲಿ ವಿಲ್ಲಾ ರುಫೋಲೋ ಮತ್ತು ವಿಲ್ಲಾ ಚಿಂಬ್ರೋನೆಯ ಉದ್ಯಾನಗಳಿವೆ. 1880ರಲ್ಲಿ ಸಂಗೀತಗಾರ ವಾಗ್ನರ್ ರುಫೋಲೋಗೆ ಭೇಟಿ ಕೊಟ್ಟದ್ದರ ನೆನಪಿಗೆ ಬೆಳೆದ ಸಂಗೀತೋತ್ಸವ ಪ್ರತಿ ಬೇಸಿಗೆಯಲ್ಲಿ ಅಲ್ಲಿಯೇ, ಕಡಲಿನ ಮೇಲೆ ಚಾಚಿದ ವೇದಿಕೆಯಲ್ಲಿ ನಡೆಯುತ್ತದೆ. ಒಂದೇ ಒಂದು ಸಂಜೆಗೆ ಕೈಬಿಚ್ಚಿ ಖರ್ಚು ಮಾಡುವುದಾದರೆ ಪೊಸಿತಾನೋದ ಊಟಕ್ಕಿಂತ ಇಲ್ಲಿನ ಸಂಗೀತ ಕಛೇರಿಗೆ ಮಾಡಿ ಎಂಬುದು ನನ್ನ ಸಲಹೆ.

ಲಿಗೂರಿಯಾ: ಚಿಂಕ್ವೆ ತೆರ್ರೆಯನ್ನು ಹೊರಗಿನಿಂದ ನೋಡುವುದು

ಮೊಂತೆರೊಸ್ಸೋ, ವೆರ್ನಾತ್ಸಾ, ಕೊರ್ನೀಲಿಯಾ, ಮನರೋಲಾ, ರಿಯೋಮಾಜೋರೆ ಎಂಬ ಐದು ಊರುಗಳ ಈ ತುಂಡು ಕೂಡ 1997ರಲ್ಲೇ ಪರಂಪರೆಯ ಪಟ್ಟಿಗೆ ಸೇರಿತು. 1999ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಮಾಲ್ಫಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ರೈಲು. ಬೆಟ್ಟದೊಳಗೆ ಕೊರೆದ ಸುರಂಗಗಳಲ್ಲಿ ಲೇವಾಂತೋದಿಂದ ಲಾ ಸ್ಪೆಜಿಯಾವರೆಗೆ ಓಡುವ ಸ್ಥಳೀಯ ರೈಲು ಒಂದೂರಿನಿಂದ ಇನ್ನೊಂದೂರಿಗೆ ಎರಡರಿಂದ ಐದು ನಿಮಿಷಗಳಲ್ಲಿ ಮುಟ್ಟಿಸುತ್ತದೆ, ಬೇಸಿಗೆಯಲ್ಲಿ ಗಂಟೆಗೆ ಹಲವು ಬಾರಿ ಬರುತ್ತದೆ. ದಿನಕ್ಕೆಂದೋ ಮೂರು ದಿನಕ್ಕೆಂದೋ ಕಾರ್ಡು ಕೊಂಡರೆ ರೈಲಿಗೂ ಕಾಲುದಾರಿಗಳಿಗೂ ಅದೇ ಸಾಕು. ಕಡಲು ಒರಟಾಯಿತೆಂದು, ರಸ್ತೆ ಕಟ್ಟಿಕೊಂಡಿತೆಂದು ದಿನ ಕೆಡುವುದಿಲ್ಲ. ಇಬ್ಬರಲ್ಲಿ ಒಬ್ಬರು ನಡೆಯಲು ಹೊರಟು ಇನ್ನೊಬ್ಬರು ದಡದಲ್ಲಿ ಓದುತ್ತಾ ಮಲಗಿ, ಮಧ್ಯಾಹ್ನ ಮೂರನೆಯ ಊರಿನಲ್ಲಿ ಸೇರುವುದು ಇಲ್ಲಿ ಸುಲಭವಾಗಿ ಆಗುತ್ತದೆ. ಅಮಾಲ್ಫಿಯಲ್ಲಿ ಅಂಥ ಯೋಜನೆ ಹಾಕುವವರಿಗೆ ಬಹಳ ತಾಳ್ಮೆ ಬೇಕು.

ತೊಂದರೆ ಎಂದರೆ ಆ ರೈಲು ಎಲ್ಲರಿಗೂ ಅಷ್ಟೇ ಸುಲಭ. ಲಾ ಸ್ಪೆಜಿಯಾಕ್ಕೆ ಬರುವ ಪ್ರವಾಸಿ ಹಡಗುಗಳ ಜನ, ಫ್ಲಾರೆನ್ಸ್ ಮತ್ತು ಪೀಸಾದಿಂದ ಒಂದು ದಿನಕ್ಕೆ ಬರುವ ಗುಂಪುಗಳು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಈ ಊರುಗಳ ಏಕೈಕ ಬೀದಿಯನ್ನು ತುಂಬುತ್ತವೆ. ಐದು ಊರುಗಳಲ್ಲಿ ಸರಿಯಾದ ಮರಳಿನ ದಡ ಇರುವುದು ಮೊಂತೆರೊಸ್ಸೋದಲ್ಲಿ ಮಾತ್ರ. ಬೇರೆಡೆ ಬಂಡೆಗಳ ಮೇಲಿಂದ ನೀರಿಗಿಳಿಯಬೇಕು. ಕೊರ್ನೀಲಿಯಾ ಕಡಲ ಮಟ್ಟದಲ್ಲಿ ಇಲ್ಲವೇ ಇಲ್ಲ, ನಿಲ್ದಾಣದಿಂದ ಸುಮಾರು 380 ಮೆಟ್ಟಿಲು ಏರಬೇಕು. ಇದೇ ಕಾರಣಕ್ಕೆ ಅಲ್ಲಿ ಜನ ಕಡಿಮೆ, ಇದೇ ಕಾರಣಕ್ಕೆ ಕೆಲವರಿಗೆ ಅದೇ ಪ್ರಿಯವಾದ ಊರು.

ದಂಪತಿಗಳೆಲ್ಲ ಕೇಳುವ ‘ಪ್ರೇಮದ ಹಾದಿ’ ರಿಯೋಮಾಜೋರೆ ಮತ್ತು ಮನರೋಲಾಗಳ ನಡುವಿನ, ಒಂದು ಕಿಲೋಮೀಟರಿಗೂ ಕಡಿಮೆ ಉದ್ದದ ಸಮತಟ್ಟಾದ ದಾರಿ. 2012ರಲ್ಲಿ ಬಂಡೆ ಕುಸಿದು ಮುಚ್ಚಿದ್ದ ಅದು 2024ರಲ್ಲಿ ಮತ್ತೆ ತೆರೆಯಿತು. ಈಗ ಪ್ರತ್ಯೇಕ ಶುಲ್ಕ ಕೊಟ್ಟು ಸಮಯವನ್ನು ಮುಂಗಡವಾಗಿ ಕಾಯ್ದಿರಿಸಬೇಕು. ಚೆನ್ನಾಗಿದೆ, ಆದರೆ ಹೆಸರಿನಷ್ಟು ದೊಡ್ಡದಲ್ಲ. ಮೊಂತೆರೊಸ್ಸೋದಿಂದ ವೆರ್ನಾತ್ಸಾಕ್ಕೆ ದ್ರಾಕ್ಷಿ ತೋಟಗಳ ನಡುವೆ ಏರಿ ಇಳಿಯುವ ದಾರಿ ಅದಕ್ಕಿಂತ ಎಷ್ಟೋ ಮೇಲು. ವೆರ್ನಾತ್ಸಾ ಮೊದಲ ಬಾರಿಗೆ ಮೇಲಿನಿಂದ ಕಣ್ಣಿಗೆ ಬೀಳುವ ತಿರುವು ಇರುವುದು ಅದರಲ್ಲೇ. ಈ ದಾರಿಗಳಲ್ಲಿ ತೆಳು ಚಪ್ಪಲಿ ಹಾಕಿ ನಡೆಯುವವರಿಗೆ ಉದ್ಯಾನದವರು ದಂಡ ಹಾಕುತ್ತಾರೆ, ಆದ್ದರಿಂದ ಹಿಡಿತವಿರುವ ಬೂಟು ಒಯ್ಯಿರಿ.

ಉಳಿಯಲು ನಾನು ಆ ಐದು ಊರುಗಳನ್ನು ಸೂಚಿಸುವುದಿಲ್ಲ. ಮೊಂತೆರೊಸ್ಸೋದಿಂದ ಒಂದೇ ನಿಲ್ದಾಣದಾಚೆಯ ಲೇವಾಂತೋದಲ್ಲಿ ಅಗಲವಾದ ದಡ, ಸಮತಟ್ಟಾದ ಬೀದಿಗಳು, ಕಡಿಮೆ ದರದ ಕೋಣೆಗಳಿವೆ. ಹಳೆಯ ರೈಲು ಸುರಂಗಗಳನ್ನು ಸೈಕಲ್ ದಾರಿಯಾಗಿ ಮಾಡಿರುವುದರಿಂದ ಬೊನಸ್ಸೋಲಾ ಮತ್ತು ಫ್ರಮೂರಾಗಳವರೆಗೆ ಸುರಂಗದ ತಂಪಿನಲ್ಲಿ ಇಬ್ಬರೂ ಸೈಕಲ್ ತುಳಿಯಬಹುದು. ಇನ್ನೂ ಉತ್ತರಕ್ಕೆ, ಜಿನೋವಾದ ಹತ್ತಿರದ ಕಮೋಲಿ ಈ ತೀರದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ನೆಲೆ. ಎತ್ತರದ ಬಣ್ಣದ ಮನೆಗಳು, ಉರುಟು ಕಲ್ಲಿನ ದಡ, ಸಂಜೆ ಊರಿನವರೇ ಬಂದು ಕೂರುವ ಬಂದರು. ಅಲ್ಲಿಂದ ದೋಣಿಯಲ್ಲಿ ಅಥವಾ ಕಾಲ್ನಡಿಗೆಯಲ್ಲಿ ಮಾತ್ರ ತಲುಪಬಹುದಾದ ಸಾನ್ ಫ್ರುತ್ತುಯೋಸೋ ಮಠಕ್ಕೆ ಹೋಗಬಹುದು. ಅದರ ಮುಂದಿನ ಕೊಲ್ಲಿಯ ತಳದಲ್ಲಿ 1954ರಲ್ಲಿ ಇಳಿಸಿದ ಕ್ರಿಸ್ತನ ಕಂಚಿನ ವಿಗ್ರಹವಿದೆ. ಪೋರ್ತೊಫಿನೋವನ್ನು ಅದೇ ಬೆಟ್ಟದ ಇನ್ನೊಂದು ಬದಿಯಲ್ಲಿ ಅರ್ಧ ದಿನದಲ್ಲಿ ನೋಡಿ ಮುಗಿಸಬಹುದು. ಅಲ್ಲಿ ಕಾಫಿ ಕುಡಿಯುವ ಮೊದಲು ಬೆಲೆಪಟ್ಟಿಯನ್ನು ಓದುವುದು ಒಳ್ಳೆಯದು.

ಅಕ್ಟೋಬರ್‌ಗೆ ಮುಂದೂಡುವವರಿಗೆ ಲಿಗೂರಿಯಾ ಬೇಡ. ಬೆಟ್ಟಗಳು ಕಡಲಿಗೆ ನೇರ ಇಳಿಯುವುದರಿಂದ ಶರತ್ಕಾಲದ ಮಳೆ ಇಲ್ಲಿ ಅಪಾಯಕಾರಿ. 2011ರ ಅಕ್ಟೋಬರ್ 25ರ ಪ್ರವಾಹ ವೆರ್ನಾತ್ಸಾ ಮತ್ತು ಮೊಂತೆರೊಸ್ಸೋಗಳ ಬೀದಿಗಳನ್ನು ಕೆಸರಿನಲ್ಲಿ ಹೂತುಹಾಕಿತ್ತು.

ಪುಲಿಯಾ: ಕಾರು ಓಡಿಸಬಲ್ಲವರಿಗೆ

ಇಬ್ಬರಲ್ಲಿ ಒಬ್ಬರಿಗಾದರೂ ರಸ್ತೆಯ ಬಲಬದಿಯಲ್ಲಿ ಕಾರು ಓಡಿಸುವ ಧೈರ್ಯವಿದ್ದರೆ ಹೋಲಿಕೆಯ ಚಿತ್ರ ಬದಲಾಗುತ್ತದೆ. ಬೂಟಿನ ಆಕಾರದ ಇಟಲಿಯ ಹಿಮ್ಮಡಿಯ ಭಾಗದಲ್ಲಿರುವ ಪುಲಿಯಾಕ್ಕೆ 800 ಕಿಲೋಮೀಟರಿಗೂ ಹೆಚ್ಚು ಕರಾವಳಿಯಿದೆ, ನೆಲ ಬಹುತೇಕ ಸಮತಟ್ಟು, ಊರುಗಳು ಸುಣ್ಣದ ಬಿಳುಪಿನವು, ಕೋಣೆ ಮತ್ತು ಊಟ ಅಮಾಲ್ಫಿಗಿಂತ ಸ್ಪಷ್ಟವಾಗಿ ಅಗ್ಗ. ಬಾರಿ ಅಥವಾ ಬ್ರಿಂಡಿಸಿಯಲ್ಲಿ ವಿಮಾನ ಇಳಿದು ಕಾರು ತೆಗೆದುಕೊಂಡರೆ ಮೊನೋಪೊಲಿ, ಬಂಡೆಯ ತುದಿಯಲ್ಲಿ ನಿಂತ ಪೊಲಿನ್ಯಾನೋ, ಬೆಟ್ಟದ ಮೇಲಿನ ಓಸ್ತೂನಿ, 1996ರಿಂದ ಪರಂಪರೆಯ ಪಟ್ಟಿಯಲ್ಲಿರುವ ಶಂಕುವಿನಾಕಾರದ ಕಲ್ಲುಮಾಡಿನ ಮನೆಗಳ ಅಲ್ಬೆರೊಬೆಲ್ಲೋ, ಬರೋಕ್ ಶೈಲಿಯ ಲೆಚ್ಚೆ ಎಲ್ಲವೂ ಒಂದು ವಾರದಲ್ಲಿ ಅವಸರವಿಲ್ಲದೆ ಮುಗಿಯುತ್ತವೆ. ಆಲಿವ್ ತೋಪುಗಳ ನಡುವಿನ ಹಳೆಯ ಕೋಟೆಮನೆಗಳನ್ನು, ಅಂದರೆ ಮಸ್ಸೆರಿಯಾಗಳನ್ನು, ಹಲವೆಡೆ ವಸತಿಗಳನ್ನಾಗಿ ಮಾಡಿದ್ದಾರೆ. ಏಕಾಂತ ಬೇಕೆನ್ನುವ ದಂಪತಿಗಳಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ಇಟಲಿಯ ಬೇರೆ ಯಾವ ತೀರದಲ್ಲೂ ನಾನು ತೋರಿಸಲಾರೆ.

ದಕ್ಷಿಣದ ಸಲೆಂತೋದಲ್ಲಿ ಇನ್ನೊಂದು ಅನುಕೂಲವಿದೆ. ಒಂದು ಕಡೆ ಬಂಡೆಗಳ ಆಡ್ರಿಯಾಟಿಕ್, ಇನ್ನೊಂದು ಕಡೆ ಮರಳಿನ ಅಯೋನಿಯನ್. ನಡುವೆ ಕಾರಿನಲ್ಲಿ ಒಂದು ಗಂಟೆಗಿಂತ ಕಡಿಮೆ ದಾರಿ. ಉತ್ತರದ ಗಾಳಿ ಬೀಸಿದ ದಿನ ಗಲ್ಲಿಪೊಲಿಯ ಕಡೆಗೆ, ದಕ್ಷಿಣದ ಗಾಳಿ ಬೀಸಿದ ದಿನ ಓತ್ರಾಂತೋ ಕಡೆಗೆ ಹೋಗುವುದು ಅಲ್ಲಿನವರ ರೂಢಿ. ಎದುರು ಬದಿಯ ನೀರು ಆಗ ಕೆರೆಯಂತೆ ನಿಂತಿರುತ್ತದೆ. ಕಾರಿಲ್ಲದೆ ಬರುವವರು ಬಾರಿಯಿಂದ ಲೆಚ್ಚೆಯವರೆಗಿನ ಮುಖ್ಯ ರೈಲು ದಾರಿಗೆ ಅಂಟಿಕೊಂಡು, ಮೊನೋಪೊಲಿಯಲ್ಲಿ ಉಳಿಯುವುದು ಲೇಸು. ಲೆಚ್ಚೆಯಿಂದ ದಕ್ಷಿಣಕ್ಕೆ ಓಡುವ ಸ್ಥಳೀಯ ರೈಲುಗಳು ಬಹಳ ನಿಧಾನ, ಭಾನುವಾರ ಅವುಗಳನ್ನು ನಂಬಿ ಯೋಜನೆ ಹಾಕಬೇಡಿ.

ಕಾರು ತೆಗೆದುಕೊಳ್ಳುವವರಿಗೆ ಎರಡು ಎಚ್ಚರಿಕೆಗಳು. ಭಾರತದ ಪರವಾನಗಿಯ ಜೊತೆಗೆ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಕಡ್ಡಾಯ. ಅದನ್ನು ಹೊರಡುವ ಮೊದಲೇ ನಿಮ್ಮ ಆರ್‌ಟಿಓ ಮೂಲಕ ಪಡೆಯಬೇಕು. ಇಟಲಿಯ ಹಳೆಯ ಊರುಗಳ ಒಳಭಾಗ ಬಹುಮಟ್ಟಿಗೆ ‘ಜೆಡ್‌ಟಿಎಲ್’ ಎಂಬ ನಿರ್ಬಂಧಿತ ವಲಯವಾಗಿರುತ್ತದೆ. ಅದರ ಫಲಕವನ್ನು ದಾಟಿದ ಕಾರಿನ ಸಂಖ್ಯೆಯನ್ನು ಕ್ಯಾಮೆರಾ ಸೆರೆಹಿಡಿಯುತ್ತದೆ, ದಂಡದ ಚೀಟಿ ನೀವು ಊರಿಗೆ ಮರಳಿದ ಎಷ್ಟೋ ತಿಂಗಳ ಮೇಲೆ ಬರಬಹುದು. ಕಾರನ್ನು ಊರ ಹೊರಗೆ ನಿಲ್ಲಿಸಿ ನಡೆಯಿರಿ.

ಸಿಸಿಲಿ ಮತ್ತು ಸಾರ್ಡೀನಿಯಾ

ಸಿಸಿಲಿಯನ್ನು ಒಂದು ತೀರವೆಂದು ಎಣಿಸಿ ಇಡೀ ದ್ವೀಪವನ್ನು ಒಂದು ವಾರದಲ್ಲಿ ಸುತ್ತಲು ಹೊರಟರೆ ಕಾರಿನ ಗಾಜಿನಿಂದ ನೋಡಿದ್ದಷ್ಟೇ ಉಳಿಯುತ್ತದೆ. ಒಂದು ಮೂಲೆಯನ್ನು ಹಿಡಿಯಿರಿ. ಆಗ್ನೇಯದಲ್ಲಿ ಸಿರಾಕೂಸಾದ ಹಳೆಯ ಭಾಗವಾದ ಓರ್ತೀಜಿಯಾ ದ್ವೀಪದಲ್ಲಿ ಉಳಿದರೆ ಸಂಜೆಯ ಹೊತ್ತಿಗೆ ಹೊಳೆಯುವ ಸುಣ್ಣದ ಕಲ್ಲಿನ ಬೀದಿಗಳು, ಬಂಡೆಯ ಮೇಲಿಂದ ಈಜಲು ಇಳಿಯುವ ಕಟ್ಟೆಗಳು, ಗ್ರೀಕ್ ದೇಗುಲದ ಕಂಬಗಳನ್ನು ಗೋಡೆಯೊಳಗೆ ಇಟ್ಟುಕೊಂಡ ಕೆಥೆಡ್ರಲ್ ಎಲ್ಲವೂ ಕಾಲ್ನಡಿಗೆಯಲ್ಲಿ ಸಿಗುತ್ತವೆ. ಸಿರಾಕೂಸಾದ ಪ್ರಾಚೀನ ಗ್ರೀಕ್ ರಂಗಮಂದಿರದಲ್ಲಿ 1914ರಲ್ಲಿ ಆರಂಭವಾದ ನಾಟಕಗಳ ಪರಂಪರೆ ಇಂದಿಗೂ ಬೇಸಿಗೆಯ ಆರಂಭದಲ್ಲಿ ಮುಂದುವರಿಯುತ್ತದೆ. ನೋತೋ ಪಟ್ಟಣ, ವೆಂದಿಕಾರಿಯ ಸಂರಕ್ಷಿತ ಕಡಲದಡ ಅರ್ಧ ದಿನದ ದೂರದಲ್ಲಿವೆ. ತಾವೋರ್ಮಿನಾ ಎತ್ನಾ ಪರ್ವತವನ್ನು ಎದುರಿಗಿಟ್ಟುಕೊಂಡು ಎತ್ತರದಲ್ಲಿ ಕುಳಿತಿದೆ. ನೋಟಕ್ಕೆ ಸಾಟಿಯಿಲ್ಲ, ದರ ಪೊಸಿತಾನೋದ ಜೊತೆ ಪೈಪೋಟಿಗೆ ಬಿದ್ದಿದೆ. ಉತ್ತರದ ಚೆಫಲೂ ಇವೆರಡಕ್ಕಿಂತ ಸರಳ: ಪಲೆರ್ಮೋದಿಂದ ರೈಲಿನಲ್ಲಿ ಒಂದು ಗಂಟೆ, ಹಳೆಯ ಊರಿನ ಗೋಡೆಗೆ ತಾಗಿಯೇ ಮರಳಿನ ದಡ, ಹಿಂದೆ 1131ರಲ್ಲಿ ಕಟ್ಟಲು ತೊಡಗಿದ ನಾರ್ಮನ್ ಕೆಥೆಡ್ರಲ್. ಕಾರಿಲ್ಲದ, ಆದರೆ ಮರಳಿನ ದಡವೇ ಬೇಕೆನ್ನುವ ದಂಪತಿಗಳಿಗೆ ಇದು ಎಲ್ಲಕ್ಕಿಂತ ಹೊಂದುವ ಜಾಗವೆಂದು ನನಗನ್ನಿಸುತ್ತದೆ.

ಸಿಸಿಲಿಯ ನಡುಬೇಸಿಗೆಯನ್ನು ಹಗುರವಾಗಿ ಕಾಣಬೇಡಿ. ಸಿರಾಕೂಸಾದ ಹತ್ತಿರ 2021ರ ಆಗಸ್ಟ್ 11ರಂದು 48.8 ಡಿಗ್ರಿ ದಾಖಲಾಯಿತು. ಅದು ಯುರೋಪ್ ಖಂಡದ ದಾಖಲೆ. ಅದಕ್ಕೆ ಪ್ರತಿಯಾಗಿ ಅಕ್ಟೋಬರ್ ಮೊದಲ ವಾರಗಳಲ್ಲೂ ಇಲ್ಲಿ ಈಜಬಹುದು. ದಸರಾ ರಜೆಯಲ್ಲಿ ಮಾತ್ರ ಹೊರಡಲು ಸಾಧ್ಯವಿರುವವರಿಗೆ ಇಟಲಿಯ ಕಡಲೆಂದರೆ ಸಿಸಿಲಿಯೇ.

ಸಾರ್ಡೀನಿಯಾದ ಬಗ್ಗೆ ಹೆಚ್ಚು ವಾದಿಸಬೇಕಿಲ್ಲ. ನೀರು ಮತ್ತು ಮರಳು ಮಾತ್ರವೇ ಅಳತೆಯಾದರೆ ಮೇಲಿನ ಯಾವುದೂ ಅದಕ್ಕೆ ಸಮವಲ್ಲ. ಆದರೆ ಆ ದಡಗಳು ಊರುಗಳಿಂದ ದೂರ ಚದುರಿವೆ, ಕಾರಿಲ್ಲದೆ ಆಗುವುದಿಲ್ಲ, ಮತ್ತು ಅತ್ಯುತ್ತಮವಾದ ಕೆಲವಕ್ಕೆ ಈಗ ಮುಂಗಡ ಟಿಕೆಟ್ಟು ಬೇಕು. ಸ್ತಿಂತಿನೋದ ಲಾ ಪೆಲೋಸಾ ದಡಕ್ಕೆ ದಿನಕ್ಕೆ 1,500 ಜನರ ಮಿತಿಯಿದೆ. ಟವೆಲಿನ ಅಡಿಗೆ ಮರಳು ಅಂಟದ ಚಾಪೆ ಹಾಸಬೇಕೆಂಬ ನಿಯಮವೂ ಇದೆ. ನೆನಪಿಗೆಂದು ಮರಳನ್ನು ಸೀಸೆಯಲ್ಲಿ ತುಂಬಿಕೊಂಡು ಬಂದರೆ 500ರಿಂದ 3,000 ಯೂರೋವರೆಗೆ ದಂಡ. ಊರು, ಸಂಗೀತ, ಹಳೆಯ ಕಟ್ಟಡಗಳೂ ಬೇಕೆನ್ನುವವರು ಕತಲಾನ್ ಭಾಷೆಯ ನೆರಳು ಇನ್ನೂ ಉಳಿದಿರುವ ಅಲ್ಗೇರೋದಲ್ಲಿ ನೆಲೆ ಮಾಡಬೇಕು.

ರಿಮಿನಿ ಮತ್ತು ಅದರ ಸುತ್ತಲಿನ ಆಡ್ರಿಯಾಟಿಕ್ ತೀರದಲ್ಲಿ ಸಾಲು ಸಾಲು ಛತ್ರಿಗಳಿರುವ ಆಳವಿಲ್ಲದ ಮರಳಿನ ದಡಗಳಿವೆ. ಮಕ್ಕಳಿರುವ ಕುಟುಂಬಗಳಿಗೆ ಅದು ಸರಿ. ಇಬ್ಬರೇ ಹೋಗುವ ಪ್ರವಾಸಕ್ಕೆ ಅದನ್ನು ಆರಿಸಲು ನನಗೆ ಕಾರಣ ಕಾಣುವುದಿಲ್ಲ.

ಊಟದ ಮಾತು

ಸಸ್ಯಾಹಾರಿ ದಂಪತಿಗಳಿಗೆ ತೀರದ ಆಯ್ಕೆಯಲ್ಲಿ ಊಟವೂ ಒಂದು ತೂಕದ ಸಂಗತಿ, ಏಕೆಂದರೆ ಕರಾವಳಿಯ ಅಡುಗೆ ಎಲ್ಲೆಡೆ ಮೀನಿನ ಸುತ್ತ ಬೆಳೆದದ್ದು. ಈ ವಿಷಯದಲ್ಲಿ ಮುಂದಿರುವುದು ಪುಲಿಯಾ. ಒಣ ಫಾವಾ ಕಾಳನ್ನು ಬೇಯಿಸಿ, ನಮ್ಮ ಗಟ್ಟಿ ತೊವ್ವೆಯಂತೆ ಮಸೆದು, ಬೇಯಿಸಿದ ಕಹಿ ಸೊಪ್ಪಿನ ಜೊತೆ ಆಲಿವ್ ಎಣ್ಣೆ ಹಾಕಿ ಕೊಡುವ ಪದಾರ್ಥ ಅಲ್ಲಿನ ಮನೆಮನೆಯ ಊಟ. ಟೊಮೆಟೊ ಹಚ್ಚಿದ ಬಾರಿಯ ಫೊಕಾಚಿಯಾ ರೊಟ್ಟಿ, ಬುರ್ರಾತಾ ಚೀಸು ಎಲ್ಲೆಡೆ ಸಿಗುತ್ತವೆ. ಸಿಸಿಲಿಯಲ್ಲಿ ಬದನೆಕಾಯಿಯ ನೋರ್ಮಾ ಪಾಸ್ತಾ, ಬದನೆಕಾಯಿಯದೇ ಹುಳಿಸಿಹಿ ಪಲ್ಯವಾದ ಕಪೊನಾತಾ, ಪಲೆರ್ಮೋ ಬೀದಿಗಳಲ್ಲಿ ಕರಿಯುವ ಕಡಲೆಹಿಟ್ಟಿನ ಪನೆಲ್ಲೆ ಇವೆ. ಲಿಗೂರಿಯಾದಲ್ಲಿ ಆಲೂಗಡ್ಡೆ ಮತ್ತು ಹುರುಳಿಕಾಯಿ ಹಾಕಿ, ಪೆಸ್ತೋ ಎಂಬ ಹಸಿರು ಸೊಪ್ಪಿನ ಚಟ್ನಿ ಬೆರೆಸಿದ ಪಾಸ್ತಾ, ಕಡಲೆಹಿಟ್ಟನ್ನು ಒಲೆಯಲ್ಲಿ ಸುಟ್ಟ ಫರಿನಾತಾ ಸಿಗುತ್ತವೆ. ಅಮಾಲ್ಫಿಯಲ್ಲಿ ಪಿಜ್ಜಾ, ಆಲೂಗಡ್ಡೆಯ ಪುಟ್ಟ ಕಡುಬಿನಂಥ ನ್ಯೋಕ್ಕಿ, ನಿಂಬೆಹಣ್ಣಿನ ಪದಾರ್ಥಗಳಿಗೆ ಕೊರತೆಯಿಲ್ಲ, ಆದರೆ ನಾಲ್ಕನೆಯ ದಿನಕ್ಕೆ ಆಯ್ಕೆ ತೆಳುವಾಗುತ್ತದೆ. ಎಲ್ಲಿಯೇ ಆಗಲಿ ‘ಸೆನ್ಸಾ ಕಾರ್ನೆ, ಸೆನ್ಸಾ ಪೆಶೆ’, ಮಾಂಸವಿಲ್ಲದೆ ಮೀನಿಲ್ಲದೆ, ಎಂದು ಬಿಡಿಸಿ ಹೇಳಿ. ತರಕಾರಿಯ ಪದಾರ್ಥದಲ್ಲೂ ಸಣ್ಣ ಆಂಚೊವಿ ಮೀನನ್ನು ಕರಗಿಸಿರುವುದುಂಟು. ಪಾರ್ಮೆಜಾನ್ ಚೀಸನ್ನು ಕರುವಿನ ಜಠರದಿಂದ ತೆಗೆದ ರೆನೆಟ್‌ನಿಂದ ಹೆಪ್ಪುಗಟ್ಟಿಸುತ್ತಾರೆ ಎಂಬುದನ್ನೂ ಕಟ್ಟುನಿಟ್ಟಿನವರು ತಿಳಿದಿರಬೇಕು. ಅದು ಪೆಸ್ತೋದಲ್ಲೂ ಇರುತ್ತದೆ.

ಇಬ್ಬರ ಬಯಕೆ ಬೇರೆಯಾದಾಗ

ದಂಪತಿಗಳಲ್ಲಿ ಒಬ್ಬರಿಗೆ ದಡದಲ್ಲಿ ಮಲಗುವ ಆಸೆ, ಇನ್ನೊಬ್ಬರಿಗೆ ದಿನಕ್ಕೊಂದು ಊರು ನೋಡುವ ಆಸೆ ಇರುವುದು ಸಾಮಾನ್ಯ. ಆಗ ಎರಡು ತೀರಗಳನ್ನು ಅರ್ಧರ್ಧ ಹಂಚಿಕೊಳ್ಳುವ ರಾಜಿಗೆ ಹಲವರು ಬರುತ್ತಾರೆ. ನಾಲ್ಕು ದಿನ ಚಿಂಕ್ವೆ ತೆರ್ರೆ, ನಾಲ್ಕು ದಿನ ಅಮಾಲ್ಫಿ ಎಂಬಂತೆ. ಅದರಲ್ಲಿ ಒಂದು ಪೂರ್ಣ ದಿನ ರೈಲು ಮತ್ತು ಲಗೇಜಿಗೆ ಹೋಗುತ್ತದೆ, ಎರಡೂ ಕಡಿದಾದ ತೀರಗಳಾದ್ದರಿಂದ ಮಲಗುವವರಿಗೆ ಬೇಕಾದಷ್ಟು ಮರಳು ಎರಡರಲ್ಲೂ ಸಿಗುವುದಿಲ್ಲ. ಅದರ ಬದಲು ಎರಡೂ ಬಯಕೆಗಳು ಒಂದೇ ನೆಲೆಯಿಂದ ತೀರುವ ಜಾಗವನ್ನು ಹುಡುಕಬೇಕು. ಲೇವಾಂತೋ, ಚೆಫಲೂ, ಮೊನೋಪೊಲಿ ಈ ಮೂರೂ ಅಂಥವು: ದಡ ಕಾಲ್ನಡಿಗೆಯ ದೂರದಲ್ಲಿ, ರೈಲು ನಿಲ್ದಾಣವೂ ಅಷ್ಟೇ ದೂರದಲ್ಲಿ. ಹತ್ತು ದಿನಗಳಿಗಿಂತ ಕಡಿಮೆ ಇದ್ದರೆ ಒಂದು ತೀರ, ಹೆಚ್ಚೆಂದರೆ ಎರಡು ನೆಲೆ. ಹೋಗುವಾಗಲೋ ಬರುವಾಗಲೋ ರೋಮ್ ಅಥವಾ ಮಿಲಾನ್‌ನಲ್ಲಿ ಎರಡು ರಾತ್ರಿ ಸೇರಿಸಬಹುದು.

ದಡದ ಖರ್ಚನ್ನೂ ಮೊದಲೇ ಮಾತನಾಡಿಕೊಳ್ಳಿ. ಇಟಲಿಯ ದಡಗಳ ಬಹುಭಾಗ ಲೀದೋ ಎಂಬ ಖಾಸಗಿ ಗುತ್ತಿಗೆಯಲ್ಲಿದೆ. ಒಂದು ಛತ್ರಿ ಮತ್ತು ಎರಡು ಮಲಗು ಕುರ್ಚಿಗಳಿಗೆ ಸಾಧಾರಣ ಊರುಗಳಲ್ಲಿ ದಿನಕ್ಕೆ 20ರಿಂದ 40 ಯೂರೋ ಆಗುತ್ತದೆ, ಹೆಸರಾಂತ ಜಾಗಗಳಲ್ಲಿ ಅದಕ್ಕಿಂತ ಬಹಳ ಹೆಚ್ಚು. ‘ಸ್ಪಿಯಾಜಾ ಲೀಬೆರಾ’ ಎಂಬ ಫಲಕವಿರುವಲ್ಲಿ ಉಚಿತವಾಗಿ ಟವೆಲು ಹಾಸಬಹುದು, ಆದರೆ ಬೆಳಿಗ್ಗೆ ಒಂಬತ್ತರೊಳಗೆ ಹೋಗಿ ಜಾಗ ಹಿಡಿಯಬೇಕು. ಹೋಟೆಲಿನ ಬಿಲ್ಲಿನಲ್ಲಿ ತಲೆಗೆ, ರಾತ್ರಿಗೆ ಲೆಕ್ಕ ಹಾಕಿದ ಪ್ರವಾಸಿ ತೆರಿಗೆ, ಊಟದ ಬಿಲ್ಲಿನಲ್ಲಿ ‘ಕೊಪೆರ್ತೋ’ ಎಂಬ ಮೇಜಿನ ಶುಲ್ಕ ಸೇರಿರುತ್ತವೆ. ಇವು ಮೋಸವಲ್ಲ, ಅಲ್ಲಿನ ರೂಢಿ.

ಕಾಯ್ದಿರಿಸುವ ಕ್ರಮ

ಭಾರತದಿಂದ ಹೊರಡುವವರಿಗೆ ಶೆಂಗೆನ್ ವೀಸಾ ಬೇಕು. ಅರ್ಜಿಯನ್ನು ಪ್ರಯಾಣದ ಆರು ತಿಂಗಳ ಮೊದಲಿನಿಂದ ಸಲ್ಲಿಸಬಹುದು, ಬೆಂಗಳೂರಿನಲ್ಲಿಯೇ ಕೊಡಬಹುದು. 2024ರ ಜೂನ್‌ನಿಂದ ವಯಸ್ಕರಿಗೆ ಶುಲ್ಕ 90 ಯೂರೋ, ಜೊತೆಗೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಏಪ್ರಿಲ್‌ನಿಂದ ಜೂನ್‌ವರೆಗೆ ಅರ್ಜಿ ಕೊಡುವವರ ಸಾಲು ಉದ್ದವಾದ್ದರಿಂದ ಸೆಪ್ಟೆಂಬರ್ ಪ್ರವಾಸಕ್ಕೆ ಮೇ ತಿಂಗಳಲ್ಲೇ ಸಮಯ ಹುಡುಕಲು ತೊಡಗುವುದು ಕ್ಷೇಮ. ಅರ್ಜಿಗೆ ವಸತಿಯ ದಾಖಲೆ ಬೇಕಾಗುತ್ತದೆ, ಆದ್ದರಿಂದ ಕೋಣೆಗಳನ್ನು ಮೊದಲು, ಹಣ ಹಿಂದಿರುಗಿಸುವ ಷರತ್ತಿನ ಮೇಲೆಯೇ ಕಾಯ್ದಿರಿಸಿ. ಬೆಂಗಳೂರಿನಿಂದ ಕೊಲ್ಲಿ ದೇಶಗಳ ಅಥವಾ ಯುರೋಪಿನ ಯಾವುದಾದರೂ ನಗರದಲ್ಲಿ ವಿಮಾನ ಬದಲಿಸಿ ಹೋಗುವವರು ಹೋಗುವ ಮತ್ತು ಬರುವ ನಗರಗಳು ಬೇರೆ ಬೇರೆಯಾಗಿರುವ ಟಿಕೆಟ್ಟನ್ನು ಒಮ್ಮೆ ನೋಡಬೇಕು: ಮಿಲಾನ್‌ಗೆ ಇಳಿದು ರೋಮ್‌ನಿಂದ ಮರಳುವುದು ಲಿಗೂರಿಯಾಕ್ಕೆ, ರೋಮ್‌ಗೆ ಇಳಿದು ಕತಾನಿಯಾದಿಂದ ಹೊರಡುವುದು ಸಿಸಿಲಿಗೆ ಹೊಂದುತ್ತದೆ. ವೇಗದ ರೈಲಿನ ಟಿಕೆಟ್ಟುಗಳನ್ನು ವೀಸಾ ಕೈಗೆ ಬಂದ ಮೇಲೆ ಕೊಂಡರೆ ಸಾಕು. ಸ್ಥಳೀಯ ರೈಲುಗಳಿಗೆ ದರ ಏರುವುದಿಲ್ಲವಾದ್ದರಿಂದ ಅವನ್ನು ಅಂದೇ ನಿಲ್ದಾಣದಲ್ಲಿ ಕೊಂಡು, ಕಾಗದದ ಟಿಕೆಟ್ಟಾದರೆ ಹತ್ತುವ ಮೊದಲು ಅಲ್ಲಿರುವ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಳ್ಳಬೇಕು.